ಮಗುಚಿ ನೋಡುವ ದರ್ಜಿ

ಏನು ಕೈಗೆ ಕೊಟ್ಟರೂ ಅವರು ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದರು. ಕಾಸು ಕೊಟ್ಟರೆ ಕಾಸಿನ ಹಿಂಬದಿ, ಬೆಂಕಿಪೊಟ್ಟಣ ಕೊಟ್ಟರೆ ಪೊಟ್ಟಣದ ಹಿಂಬದಿ, ಕಾಫಿ ಕೊಟ್ಟರೆ ಕುಡಿದು ಮುಗಿಸಿ ಲೋಟದ ತಳ. ನನ್ನ ಮಗಳಿಗೆ ಗಂಡು ನೋಡಲು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಹುಡುಗ ನೀರು ಕೊಟ್ಟು ಒಳಕ್ಕೆ ತಿರುಗಿದ್ದೇ ತಡ, ಅವನ ಕೋಟಿನ ಬೆನ್ನ ಹೊಲಿಗೆ ನೋಡಿ, "ಆಗ್ಬೋದು ಕಣಮ್ಮ, ಬೆನ್ನು ನೆಟ್ಟಗದೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರು ಹುಡುಗನ ಮುಖ ನೋಡಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಳಿಯ ಒಳ್ಳೆಯವನೇ ಸಿಕ್ಕಿದ. ಅದು ಅವರಿಂದ ಆದ ಉಪಕಾರ, ಇಲ್ಲ ಎನ್ನುವುದಿಲ್ಲ.

ಈ ಆಷಾಢದಲ್ಲಿ ಅವರು ತೀರಿಕೊಂಡರು. ಲಕ್ಷ್ಮೀಪುರದ ನಮ್ಮ ಬೀದಿಯವರೆಲ್ಲ ಅಂಗಡಿಯ ಮುಂದೆ ನಿಂತು "ದೇವರಂಥ ಮನುಷ್ಯ" ಎಂದರು. ನಾನು ಸುಮ್ಮನೆ ನಿಂತಿದ್ದು ಬಂದೆ. ಹೆಣದ ಮುಂದೆ ಬಾಯಿ ಬಿಡಬಾರದು ಎಂದು ಸುಮ್ಮನಿದ್ದದ್ದಲ್ಲ. ಹೇಳಬೇಕಾದದ್ದನ್ನು ಅವರು ಬದುಕಿದ್ದಾಗಲೇ ಮುಖದ ಮೇಲೆ ಹೇಳಿಬಿಟ್ಟಿದ್ದೆ.

ಅವರ ಹೆಸರು ಬೇಡ. ಬೀದಿಯಲ್ಲಿ ಅವರನ್ನು ಗುಂಡಿ ದರ್ಜಿ ಎನ್ನುತ್ತಿದ್ದರು. ಅವರು ಹೊಲಿದ ಅಂಗಿ, ಕೋಟುಗಳಿಗೆ ನಾನು ಮನೆಯಲ್ಲಿ ಕೂತು ಕಾಜ ಹಾಕಿ ಗುಂಡಿ ಹೊಲಿದು ಕೊಡುತ್ತಿದ್ದೆ. ನಮ್ಮ ಮನೆ ನಡೆಯುತ್ತಿದ್ದದ್ದು ಅದರಿಂದ. ಮನೆಯಲ್ಲಿ ನಾನು, ನನ್ನ ಅತ್ತೆ, ಇನ್ನೂ ಚಿಕ್ಕವಳಾಗಿದ್ದ ಮಗಳು. ನಮ್ಮನೆಯವರು ಲಾರಿ ಓಡಿಸುತ್ತಿದ್ದವರು, ಯುದ್ಧಕ್ಕೆ ಡ್ರೈವರು ಬೇಕು ಎಂದಾಗ ಸೇರಿ ಬರ್ಮಾ ಕಡೆ ಹೋದರು. ಯುದ್ಧ ಮುಗಿಯಿತು, ಬರಲಿಲ್ಲ. ಸುಳಿವಿಲ್ಲ ಎಂದು ದಂಡಿನ ಆಫೀಸಿನಿಂದ ತಿಳಿಸಿದರು. ಸತ್ತರು ಎಂದು ಯಾರೂ ಹೇಳಲಿಲ್ಲ, ಇದ್ದಾರೆ ಎಂದೂ ಹೇಳಲಿಲ್ಲ.

ದರ್ಜಿಗೆ ಗುಂಡಿಯ ಹುಚ್ಚು ಹತ್ತಿದ್ದು ಬಿಳಿಯರು ಗಂಟುಮೂಟೆ ಕಟ್ಟಿದ ಕಾಲಕ್ಕೆ. ದಂಡಿನವರ ಹಳೆ ಕೋಟು, ಷರಾಯಿ, ಕಂಬಳಿಗಳು ಬೆಂಗಳೂರಿನಲ್ಲಿ ಹರಾಜಾಗಿ ಮೂಟೆ ಮೂಟೆ ಮೈಸೂರಿಗೆ ಬರುತ್ತಿದ್ದವು. ಒಳ್ಳೆ ಉಣ್ಣೆ ಬಟ್ಟೆ, ಹರಿಯುವಂಥದಲ್ಲ. ಬಡವರು ಬಗ್ಗರೆಲ್ಲ ತಂದು ಬಿಚ್ಚಿಸಿ, ಕತ್ತರಿಸಿ, ಮಕ್ಕಳ ಅಳತೆಗೆ ಹೊಲಿಸುತ್ತಿದ್ದರು. ಕೋಟು ಅಂಗಡಿಗೆ ಬಂದ ಕೂಡಲೇ ದರ್ಜಿ ಮೊದಲು ಮಾಡುತ್ತಿದ್ದ ಕೆಲಸ ಹಿತ್ತಾಳೆ ಗುಂಡಿ ಕತ್ತರಿಸಿ ತೆಗೆಯುವುದು. ಸಿಂಹ, ಕಿರೀಟ, ಕೊಂಬು, ಫಿರಂಗಿ, ಒಂದೊಂದು ದಳದ್ದು ಒಂದೊಂದು ಗುರುತು. ಟೋಪಿಗೆ ಸಿಕ್ಕಿಸುವ ಬಿಲ್ಲೆ ಸಿಕ್ಕಿದರಂತೂ ಅವತ್ತು ಊಟ ಬೇಡ.

ಒಬ್ಬರು ಮೇಷ್ಟ್ರು ಮಗನಿಗೆಂದು ಅಂಥ ಕೋಟು ತಂದುಕೊಟ್ಟಿದ್ದರು. ಹೊಲಿದು ಸಿದ್ಧವಾದಾಗ ನೋಡಿದರೆ ಕೊಬ್ಬರಿ ಚಿಪ್ಪಿನ ಗುಂಡಿ.

"ಏನ್ರೀ ಇದು? ನಮ್ಮ ಗುಂಡಿ ಎಲ್ರೀ?"

"ಬಟ್ಟೆ ಕೊಟ್ರಿ, ಕೋಟು ಕೊಟ್ಟಿವ್ನಿ."

"ಹಿತ್ತಾಳೆ ಗುಂಡಿ ಇತ್ತಲ್ರೀ, ಸಿಂಹದ್ದು!"

"ಸಿಂಹದ ಗುಂಡಿ ಹಾಕ್ಕೊಂಡು ನಿಮ್ಮ ಮಗ ಯಾವ ಯುದ್ಧಕ್ಕೆ ಹೋಗ್ಬೇಕು ಸ್ವಾಮಿ? ಮೊದ್ಲು ಮಗ್ಗಿ ಕಲೀಲಿ ಬುಡಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕು ಕೋಟು ತೆಗೆದುಕೊಂಡು ಹೋದರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಮನಸ್ಸಿಗೆ ಹಿಡಿಸಿದ್ದನ್ನು ಈ ಮನುಷ್ಯ ಹೇಗೆ ತನ್ನದು ಮಾಡಿಕೊಳ್ಳುತ್ತಾರೆ ಎಂಬುದು ಅವತ್ತೇ ಕಣ್ಣ ಮುಂದೆ ಇತ್ತು. ನಗುವಾಗ ಕಾಣುವುದಿಲ್ಲ.

ಅಂಗಡಿಯ ಒಳಕೋಣೆಯಲ್ಲಿ ಕೆಂಪು ಉಣ್ಣೆ ಬಟ್ಟೆ ಹೊದಿಸಿದ ಹಲಗೆಗಳಿದ್ದವು. ಅದಕ್ಕೆ ಸಾಲಾಗಿ ಗುಂಡಿ, ಬಿಲ್ಲೆ ಹೊಲಿದಿಟ್ಟಿದ್ದರು. ಒಂದೊಂದನ್ನೂ ಮಗುಚಿ, ಹಿಂದೆ ಕೊರೆದ ಸಣ್ಣ ಅಕ್ಷರ ಉಗುರಿನಲ್ಲಿ ಸವರಿ, ಯಾವ ಕಡೆಯ ದಳ, ಎಲ್ಲಿ ಮಾಡಿದ್ದು ಎಂದು ಹೇಳುತ್ತಿದ್ದರು. "ಬಟ್ಟೆ ಯಾರು ಬೇಕಾದ್ರೂ ಹಾಕ್ಕೋಬೋದು. ಗುಂಡಿ ಸುಳ್ಳು ಹೇಳೋದಿಲ್ಲ ಕಣಮ್ಮ" ಎನ್ನುವುದು ಅವರ ಮಾತು. ಹೆಂಡತಿ ಮದುವೆಯಾದ ಸ್ವಲ್ಪ ದಿನಕ್ಕೇ ತೀರಿಹೋಗಿದ್ದರಂತೆ. ಮಕ್ಕಳಿರಲಿಲ್ಲ. ಆ ಹಲಗೆಗಳ ಮುಂದೆ ಕೂತಾಗ ಅವರ ಮುಖ, ಮಗು ಮಲಗಿರುವುದನ್ನು ನೋಡುವವರ ಮುಖದ ಹಾಗೆ ಆಗುತ್ತಿತ್ತು.

ಒಂದು ಸಲ ಯುಗಾದಿ ಹಿಂದಿನ ದಿನ ಅವರು ಪೇಟೆಗೆ ಹೋಗಿದ್ದರು. ನಾನು ಕಾಜ ಹಾಕಿದ ಬಟ್ಟೆ ಕೊಡಲು ಹೋದವಳು, ಹಿತ್ತಾಳೆ ಕಪ್ಪಗೆ ಮಂಕಾಗಿದೆಯಲ್ಲ, ಹಬ್ಬ ಬಂತಲ್ಲ ಎಂದು ಹುಣಿಸೆಹಣ್ಣು, ಬೂದಿ ಹಾಕಿ ಒಂದು ಸಾಲು ಗುಂಡಿಯನ್ನು ತಿಕ್ಕಿ ತಿಕ್ಕಿ ದೀಪದ ಕಂಬದ ಹಾಗೆ ಹೊಳೆಯುವಂತೆ ಮಾಡಿದೆ. ನಮ್ಮ ಕಡೆ ಹಿತ್ತಾಳೆ ಕಂಡರೆ ಹೆಂಗಸರು ಮಾಡುವುದೇ ಅದು. ಬಂದು ನೋಡಿದರು. ಬೈಯಲಿಲ್ಲ. ನೆಲದ ಮೇಲೆ ಕೂತುಬಿಟ್ಟರು.

"ಏನ್ ಮಾಡ್ಬುಟ್ಟೆ ತಾಯಿ."

"ತೊಳೆದೆ ಕಣಣ್ಣ. ಕಿಲುಬು ಹಿಡಿದಿತ್ತು."

"ಕಿಲುಬಲ್ಲ ಅದು. ಅವರ ಬೆವರು, ಅವರ ಊರಿನ ಹೊಗೆ. ಅದೇ ಹೋದ್ಮೇಲೆ ಇದು ಯಾರದು? ಪಾತ್ರೆ ಅಂಗಡಿದು."

ಆಮೇಲೆ ಅವುಗಳನ್ನು ಬಿಚ್ಚಿ, ಮುಖ ಕೆಳಗೆ ಮಾಡಿ ಹೊಲಿದಿಟ್ಟರು. ಹೊಳೆಯುವ ಕಡೆ ಅವರಿಗೆ ನೋಡಲಾಗುತ್ತಿರಲಿಲ್ಲ. ಯಾರೋ ಎಲ್ಲೋ ಸತ್ತ ದಂಡಿನವನ ಬೆವರಿಗೆ ಇಷ್ಟು ಮರ್ಯಾದೆ ಕೊಡುವ ಮನುಷ್ಯನಲ್ಲವೇ ಎಂದು ನಾನು ಅವರನ್ನು ನಂಬಿದ್ದು ಅವತ್ತಿನಿಂದ.

ನನ್ನ ಅತ್ತೆಯ ಕಥೆ ಬೇರೆ. ಅವರು ಬೆಳಗಿನಿಂದ ಹೊಸ್ತಿಲ ಮೇಲೆ ಕೂರುತ್ತಿದ್ದರು. ಬೀದಿಯಲ್ಲಿ ಖಾಕಿ ಕಂಡರೆ ಎದ್ದು ನಿಲ್ಲುತ್ತಿದ್ದರು. ಪೋಸ್ಟಿನವನು, ಪೋಲೀಸಿನವನು, ದಂಡಿನ ಹಳೆ ಕೋಟು ಹಾಕಿಕೊಂಡ ಸೌದೆ ಮಾರುವವನು, ಯಾರಾದರೂ ಸರಿ. ವಾರಕ್ಕೊಂದು ಸಲ ನನ್ನನ್ನು ಎಳೆದುಕೊಂಡು ದಂಡಿನ ಆಫೀಸಿಗೆ ನಡೆಯುತ್ತಿದ್ದರು. ಅಲ್ಲಿನ ಗುಮಾಸ್ತರು, "ಏನಾದ್ರೂ ಗುರುತು ಸಿಕ್ರೆ ತನ್ನಿ ಅಜ್ಜಿ, ವಿಚಾರಿಸ್ತೀವಿ" ಎನ್ನುತ್ತಿದ್ದರು.

ಗುರುತು ಬಂತು. ದಂಡಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಶ್ರೀರಾಂಪುರದ ಕಡೆಯವನೊಬ್ಬ ಊರಿಗೆ ಬಂದವನು ಹುಡುಕಿಕೊಂಡು ಬಂದು ಒಂದು ಸಣ್ಣ ಬಟ್ಟೆ ಗಂಟು ಕೊಟ್ಟ. ಸತ್ತವರ ಹಾಸಿಗೆಗಳ ಹತ್ತಿರ ಸಿಕ್ಕಿದ್ದಂತೆ, ಮೈಸೂರಿನ ಡ್ರೈವರದು ಎಂದು ಯಾರೋ ಹೇಳಿದ್ದರಂತೆ. ಅವನು ಕಣ್ಣಾರೆ ನೋಡಿದವನಲ್ಲ. ಗಂಟಿನಲ್ಲಿ ಒಂದು ಬಾಚಣಿಗೆ, ಒಂದು ಟೋಪಿಯ ಬಿಲ್ಲೆ. ಬಾಚಣಿಗೆ ಯಾರದಾದರೂ ಆಗಬಹುದು. ಬಿಲ್ಲೆ ಬಿಳಿ ಲೋಹದ್ದು, ಕವಲುಕೊಂಬಿನ ಜಿಂಕೆಯ ತಲೆ, ಸುತ್ತ ಎಲೆ.

ಅತ್ತೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರ ದರ್ಜಿಯ ಅಂಗಡಿಗೆ ಹೋದರು. ನಾನು ಹಿಂದೆ ಹೋದೆ. ನಮಗೆ ಗೊತ್ತಿದ್ದವರಲ್ಲಿ ಇದನ್ನು ಬಲ್ಲವರು ಅವರೊಬ್ಬರೇ.

"ನೋಡಪ್ಪ, ಇದು ನನ್ ಮಗನ ದಳದ್ದಾ? ಅಲ್ಲ ಅಂದ್ರೆ ಅಲ್ಲ ಅನ್ನು. ಹೌದು ಅಂದ್ರೆ ಹೌದು ಅನ್ನು. ನಾನು ತಡ್ಕೋತೀನಿ."

ಅವರು ಕೈಗೆ ತೆಗೆದುಕೊಂಡರು, ಮಗುಚಿದರು. ಬಾಗಿಲ ಬೆಳಕಿಗೆ ಹಿಡಿದರು. ಉಗುರಿನಲ್ಲಿ ಸವರಿದರು. ಮತ್ತೆ ಮುಖದ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಮುಖದ ಕಡೆಯನ್ನು ಅವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. ದುಃಖಕ್ಕೆ ಎಂದುಕೊಂಡೆ.

"ಹೂಂ ಕಣವ್ವ. ಅವರದ್ದೇ ದಳ."

ಅತ್ತೆ ಅಳಲಿಲ್ಲ. "ಸರಿ" ಎಂದರು. ನಾನು ಕೇಳಿದೆ, "ಆಫೀಸಿಗೆ ತೋರಿಸ್ಬೇಕಲ್ವಾ ಅಣ್ಣ?"

"ತೋರಿಸಿದ್ರೆ ಅವರು ಇಟ್ಕೋತಾರೆ, ವಾಪಸ್ ಬರಲ್ಲ. ನಿಮ್ಮ ಕೈಲಿ ಉಳಿದಿರೋದು ಇಷ್ಟೇ. ಮನೇಲಿಟ್ರೂ ಮಗು ಎಲ್ಲಾದ್ರೂ ಬಿಸಾಕ್ತದೆ. ನನ್ನ ಹಲಗೇಲಿ ಭದ್ರವಾಗಿರ್ಲಿ. ಎಡೆ ಇಡೋ ಹಬ್ಬದ ದಿನ ನಾನೇ ತಂದುಕೊಡ್ತೀನಿ."

ಮನೆಗೆ ಬಂದ ಮೇಲೆ ನನ್ನ ಬಳೆ ತೆಗೆಸಿದರು, ತಾಳಿ ತೆಗೆಸಿದರು. ಅದರ ಬಗ್ಗೆ ನಾನು ಬರೆಯುವುದಿಲ್ಲ. ಅತ್ತೆ ಹೊಸ್ತಿಲ ಮೇಲೆ ಕೂರುವುದನ್ನು ಬಿಟ್ಟರು, ಆಫೀಸಿಗೆ ಹೋಗುವುದನ್ನೂ ಬಿಟ್ಟರು. ನಾವು ಹುಡುಕುವುದನ್ನು ನಿಲ್ಲಿಸಿದೆವು.

ಅಲ್ಲಿಂದ ಪ್ರತಿ ವರ್ಷ ಪಿತೃಪಕ್ಷದಲ್ಲಿ, ತೀರಿಕೊಂಡವರಿಗೆ ಎಡೆ ಇಡುವ ದಿನ, ದರ್ಜಿ ಇಸ್ತ್ರಿ ಮಾಡಿದ ಕರಿ ಕೋಟು ಹಾಕಿಕೊಂಡು ಬರುತ್ತಿದ್ದರು. ಜೇಬಿನಿಂದ ಕೆಂಪು ಬಟ್ಟೆ ತೆಗೆದು, ಬಿಡಿಸಿ, ಜಿಂಕೆಯನ್ನು ಕಳಶದ ಪಕ್ಕ ಇಡುತ್ತಿದ್ದರು. ಹೊಸ ಪಂಚೆ, ಮುದ್ದೆ, ಮಾಂಸದ ಸಾರು, ಹುರಿದ ಕುರಿ ಈಲಿ, ಒಂದು ಕಟ್ಟು ಬೀಡಿ, ನಮ್ಮನೆಯವರಿಗೆ ಇಷ್ಟವಾದದ್ದೆಲ್ಲ ಎಲೆಯ ಮೇಲೆ. ಅತ್ತೆ ಆ ಜಿಂಕೆಯ ಜೊತೆ ಮಾತನಾಡುತ್ತಿದ್ದರು. "ಉಪ್ಪು ಕಮ್ಮಿ ಆಗಿದ್ರೆ ನಿನ್ ಹೆಂಡ್ತಿನ ಬಯ್ಯಿ, ನನ್ನ ಬಯ್ಬ್ಯಾಡ" ಎನ್ನುತ್ತಿದ್ದರು. ಎಲ್ಲರೂ ನಗುವುದು, ಅಳುವುದು ಎರಡೂ ಆಗುತ್ತಿತ್ತು.

ತೀರಿಕೊಂಡವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗಿದ್ದು, ಮತ್ತೆ ತೆಗೆದ ಮೇಲೆ ಮೊದಲ ಎಲೆ ದರ್ಜಿಗೆ. ಮಗನನ್ನು ಮನೆಗೆ ತಂದವರು ಎಂದು ಅತ್ತೆಯೇ ಕೂತು ಬಡಿಸುತ್ತಿದ್ದರು. ಅವರು ಚೆನ್ನಾಗಿ ಊಟ ಮಾಡುತ್ತಿದ್ದರು. ಒಂದು ವರ್ಷ ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ನಾನು ಸತ್ರೆ ನಂಗ್ಯಾರವ್ರೆ? ನಂಗೂ ಒಂದೆಲೆ ಹಾಕ್ಬುಡಿ ಅವ್ವಾ" ಎಂದರು.

"ಅಯ್ಯೋ, ನನ್ ಸೊಸೆ ಹಾಕ್ತಾಳೆ ಬುಡು. ನಿಂಗೆ ಈಲಿ ಜಾಸ್ತಿ ಹಾಕುಸ್ತೀನಿ" ಎಂದು ಅತ್ತೆ ಮಾತು ಕೊಟ್ಟರು. ನಾನು ತಲೆ ಆಡಿಸಿದೆ. ಆಮೇಲೆ ಕೆಲವು ವರ್ಷಕ್ಕೆ ಅತ್ತೆ ಹೋದರು. ಮಗನ ಹತ್ತಿರ ಹೋಗುತ್ತೇನೆ ಎಂದುಕೊಂಡೇ ಹೋದರು.

ಮಗಳ ಮದುವೆಯಾಯಿತು. ಅಳಿಯ ಮೇಟಗಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಲಾರಿ ಓಡಿಸುವ ಹಿರಿಯರೊಬ್ಬರು, ಮಾತಿಗೆ ಮಾತು ಬಂದು, ಬರ್ಮಾದಲ್ಲಿ ನಮ್ಮನೆಯವರ ದಳದಲ್ಲೇ ಇದ್ದವರೆಂದು ತಿಳಿಯಿತು. ಆ ವರ್ಷದ ಎಡೆಗೆ ಅಳಿಯ ಅವರನ್ನು ಕರೆತಂದ. ನನಗೆ ಸಂತೋಷವೇ ಆಯಿತು.

ಊಟಕ್ಕೆ ಕೂರುವ ಮುಂಚೆ ಆ ಹಿರಿಯರು ಕಳಶಕ್ಕೆ ಕೈ ಮುಗಿದು, ಬಿಲ್ಲೆ ನೋಡಿ ಹುಬ್ಬು ಗಂಟಿಕ್ಕಿದರು.

"ಇದ್ಯಾಕಕ್ಕ ಇಲ್ಲಿಟ್ಟಿದ್ದೀರಿ?"

"ನಮ್ಮನೆಯವರ ಟೋಪೀದು."

"ನಮ್ಮ ದಳದಲ್ಲಿ ಜಿಂಕೆ ಎಲ್ಲಿತ್ತಕ್ಕ? ನಮ್ದು ಹಿತ್ತಾಳೆ ನಕ್ಷತ್ರ. ಇದು ಬಿಳೀರ ದಂಡಿಂದು. ನಮ್ಮೋರು ಯಾರೂ ಇದನ್ನ ಹಾಕಂಗೇ ಇರ್ಲಿಲ್ಲ."

ನಾನು ದರ್ಜಿಯ ಕಡೆ ತಿರುಗಿದೆ. ಅವರು ಆಗಲೇ ಮೊದಲ ಎಲೆಗೆ ಕೂತಿದ್ದರು. ಮುದ್ದೆ ಮುರಿದು ಸಾರಿಗೆ ಅದ್ದಿದ ಕೈ ಹಾಗೇ ಇತ್ತು. ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ತುತ್ತನ್ನು ನುಂಗಿದರು. ನನಗೆ ಉತ್ತರ ಸಿಕ್ಕಿತು. ತಪ್ಪು ತಿಳಿದಿದ್ದವರಾಗಿದ್ದರೆ ಕೈ ಕೊಡವಿ ಎದ್ದು ಬಂದು ಬಿಲ್ಲೆ ಮಗುಚಿ ನೋಡುತ್ತಿದ್ದರು.

ಆ ಹಿರಿಯರನ್ನು ಕೇಳಿದೆ, "ಅವರು ಸತ್ತದ್ದನ್ನ ನೀವು ನೋಡಿದ್ರಾ?"

"ಇಲ್ಲಕ್ಕ. ಒಂದು ಹೊಳೆ ಹತ್ರ ಲಾರಿಗಳು ಬೇರೆ ಬೇರೆ ದಾರಿ ಹಿಡಿದ್ವು. ಆಮೇಲೆ ನಾನು ನೋಡಿಲ್ಲ. ಈ ಗಂಟು ಬಂದಾಗ್ಲೇ ಆಫೀಸಿಗೆ ತೋರಿಸಿದ್ರೆ, ಇದು ಇವನದಲ್ಲ ಅಂತ ಅವರು ಹುಡುಕೋದಾದ್ರೂ ಹುಡುಕ್ತಿದ್ರು. ನಮ್ಮ ದಳದೋರೆಲ್ಲ ಆಗ ಇನ್ನೂ ಒಟ್ಟಿಗಿದ್ವಿ. ನಮ್ಮನ್ನೆಲ್ಲ ಕೇಳ್ತಿದ್ರು."

ದರ್ಜಿ ಎದ್ದರು, ಕೈ ತೊಳೆದರು, ಜಿಂಕೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟರು. ಅಷ್ಟೆಲ್ಲ ಆದ ಮೇಲೂ ಅದನ್ನು ಮರೆಯಲಿಲ್ಲ. ಎಲೆ ಅಡಿಕೆ ಮುಟ್ಟದೆ ಹೋದರು.

ಮರುದಿನ ನಾನು ಅಂಗಡಿಗೆ ಹೋದೆ. ಕಾಜ ಹಾಕಬೇಕಿದ್ದ ಬಟ್ಟೆಯನ್ನು ಹಾಗೇ ಮೇಜಿನ ಮೇಲೆ ಎಸೆದೆ.

"ಗುಂಡಿ ಸುಳ್ಳು ಹೇಳೋದಿಲ್ಲ, ಅಲ್ವಾ ಅಣ್ಣ? ಸರಿ. ಅದು ಹೇಳ್ಲಿಲ್ಲ. ನೀವು ಹೇಳಿದ್ರಿ."

ಅವರು ಹೊಲಿಗೆ ಯಂತ್ರದ ಚಕ್ರವನ್ನು ಸುಮ್ಮನೆ ಹಿಂದೆ ಮುಂದೆ ತಿರುಗಿಸುತ್ತಿದ್ದರು.

"ಜಿಂಕೆ ನನ್ನ ಹತ್ರ ಇರ್ಲಿಲ್ಲ ಕಣಮ್ಮ. ಇಡೀ ಮೈಸೂರಲ್ಲಿ ಯಾರ ಹತ್ರಾನೂ ಇರ್ಲಿಲ್ಲ. ಕೈಗೆ ಬಂದ್ಬುಟ್ತು. ಆಫೀಸಿಗೆ ಕೊಟ್ಬುಟ್ರೆ ಹೋಯ್ತಲ್ಲ ಅನ್ನಿಸ್ತು."

ನಾನು ನಿಂತೇ ಇದ್ದೆ. ಆಮೇಲೆ ಎರಡನೆಯ ಮಾತು ಬಂತು.

"ನಿಮ್ಮತ್ತೆ ಹೊಸ್ತಿಲಲ್ಲಿ ಹಂಗೆ ಕೂತಿರೋದು ನೋಡಕ್ಕಾಗ್ತಿರ್ಲಿಲ್ಲ. ಒಂದು ನೆಮ್ಮದಿ ಆಗ್ಲಿ ಅಂತಾನೂ..."

"ಈ ಮಾತನ್ನ ಮೊದ್ಲು ಹೇಳಿದ್ರೆ ನಂಬ್ತಿದ್ನೋ ಏನೋ. ನಿಮಗೆ ಮೊದ್ಲು ನೆನಪಾದದ್ದು ಜಿಂಕೆ."

"ನಿಮ್ಮನೆಯೋರು ಅದನ್ನ ಎಲ್ಲಾದ್ರೂ ಹೆಕ್ಕಿ ಇಟ್ಕೊಂಡಿರ್ಬೋದು. ದಂಡಿನೋರು ಹಂಗೆ ಮಾಡ್ತಾರೆ. ಅವರದ್ದೇ ಇರ್ಬೋದು."

"ಇರ್ಬೋದು. ಅವತ್ತು 'ಇರ್ಬೋದು' ಅಂದಿದ್ರೆ ನಾವು ಹುಡುಕ್ತಿದ್ವಿ. ನೀವು 'ಹೂಂ' ಅಂದ್ರಿ."

ನಾನು ಬಿಲ್ಲೆ ವಾಪಸ್ ಕೇಳಲಿಲ್ಲ. ಅವರದು ಆಸೆ, ಅದು ನನಗೆ ಅರ್ಥವಾಗುತ್ತದೆ. ನನಗೂ ಒಳ್ಳೆ ಸೀರೆ ಕಂಡರೆ ಆಸೆ. ಅರ್ಥವಾಗದ್ದು ಊಟ. ಅದು ಯಾರದೋ ಬಿಲ್ಲೆ ಎಂದು ಗೊತ್ತಿದ್ದೂ, ವರ್ಷ ವರ್ಷವೂ ನನ್ನ ಅತ್ತೆ ಅದಕ್ಕೆ ಉಪ್ಪು ಖಾರ ಕೇಳುವುದನ್ನು ನೋಡುತ್ತಾ, ಅತ್ತೆಯೇ ಕೈಯಾರೆ ಬಡಿಸಿದ್ದನ್ನು ಹೇಗೆ ಉಂಡರು? ಒಂದು ವರ್ಷವಾದರೂ ಹೊಟ್ಟೆ ನೋವು ಎಂದು ತಪ್ಪಿಸಿಕೊಳ್ಳಬಹುದಿತ್ತು. ಒಂದು ಸಲವೂ ತಪ್ಪಿಸಲಿಲ್ಲ.

ಅಲ್ಲಿಂದ ಅವರ ಅಂಗಡಿಯ ಕೆಲಸ ಬಿಟ್ಟೆ. ಬೇರೆ ದರ್ಜಿಗಳಿಗೆ ಕಾಜ ಹಾಕಿದೆ. ಬೀದಿಯಲ್ಲಿ ಎದುರಾದರೆ ಅವರು ನಿಲ್ಲುತ್ತಿದ್ದರು, ನಾನು ನಿಲ್ಲುತ್ತಿರಲಿಲ್ಲ. ಅಳಿಯ ದಂಡಿನ ಆಫೀಸಿಗೆ ಹೋಗಿ ಕೇಳಿ ಬಂದ. ಇಷ್ಟು ವರ್ಷದ ಮೇಲೆ ಏನೂ ಆಗುವುದಿಲ್ಲ ಎಂದರಂತೆ. ಬಳೆ ಮತ್ತೆ ಹಾಕಿಕೊಳ್ಳಬೇಕೇ ಎಂದು ಮಗಳು ಕೇಳಿದಳು. ಯಾರನ್ನು ಕೇಳಿ ಹಾಕಿಕೊಳ್ಳಲಿ?

ದರ್ಜಿ ಸತ್ತ ಮೇಲೆ ಅವರ ಅಣ್ಣನ ಮಗ ಬಂದು ಅಂಗಡಿ ಖಾಲಿ ಮಾಡಿದ. ಹಲಗೆಗಳ ಮೇಲಿದ್ದದ್ದನ್ನೆಲ್ಲ ಬಿಚ್ಚಿ ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿದನಂತೆ. ಕೇಳಿ ನನಗೆ ಸಂತೋಷ ಆಗಬೇಕಿತ್ತು, ಆಗಲಿಲ್ಲ. ಊರಿಗೆ ಹೋಗುವ ಮುಂಚೆ ನಮ್ಮ ಮನೆಗೆ ಬಂದು ಕೆಂಪು ಬಟ್ಟೆಯ ಗಂಟು ಕೊಟ್ಟ.

"ಚಿಕ್ಕಪ್ಪ ಹೇಳಿದ್ರು, ಇದೊಂದನ್ನ ಮಾತ್ರ ಕಾಜದಮ್ಮನೋರಿಗೆ ಕೊಡು, ಅವರ ಯಜಮಾನ್ರದು ಅಂತ."

ಸಾಯುವಾಗಲೂ ಅದನ್ನೇ ಹೇಳಿ ಹೋದರು.

ಮೊನ್ನೆ ಪಿತೃಪಕ್ಷದಲ್ಲಿ ಎಡೆ ಇಟ್ಟೆವು. ಬೆಳಿಗ್ಗೆ ಹಿತ್ತಲಲ್ಲಿ ಕೂತು ಆ ಜಿಂಕೆಯನ್ನು ಹುಣಿಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ತಿಕ್ಕಿದೆ. ಕೊಂಬಿನ ಸಂದಿಯಲ್ಲಿದ್ದ ಕಪ್ಪೆಲ್ಲ ಹೋಗುವವರೆಗೂ ತಿಕ್ಕಿದೆ. ಅತ್ತೆಯ ಎಲೆ ಎಂದಿನಂತೆ. ಅದರ ಪಕ್ಕ ನಮ್ಮನೆಯವರದು. ಇಲ್ಲವಾಗಿದ್ದರೆ ಬಂದು ಉಣ್ಣಲಿ, ಎಲ್ಲಾದರೂ ಇದ್ದರೆ ಕಾಗೆ ಉಣ್ಣಲಿ. ಆಮೇಲೆ ಜಿಂಕೆಯವನಿಗೆ ಬೇರೆ ಒಂದು ಎಲೆ. ಯಾವ ತಾಯಿಯ ಮಗನೋ, ಅವಳೂ ಯಾವ ಬಾಗಿಲಲ್ಲಿ ಕೂತಿದ್ದಳೋ. ಇಷ್ಟು ವರ್ಷ ಇನ್ನೊಬ್ಬನ ಹೆಸರಿನಲ್ಲಿ ಕರೆಸಿ ಕೂರಿಸಿ, ಬಿಳಿಯನಿಗೆ ನುಂಗಲು ಬರದ ಮುದ್ದೆ ಇಟ್ಟಿದ್ದೆವು. ಈ ಸಲ ಅವನಿಗೆ ಅನ್ನ ಬಡಿಸಿದೆ.

ಮಗಳು ಇನ್ನೊಂದು ಎಲೆ ತೊಳೆದು ತಂದಳು. "ಅಜ್ಜಿ ಮಾತು ಕೊಟ್ಟಿದ್ರಲ್ಲಮ್ಮ, ಗುಂಡಿ ದರ್ಜಿಗೆ" ಎಂದಳು.

"ಹಾಕು" ಎಂದೆ. ಹಾಕಿದಳು. ಈಲಿ ಬಡಿಸಲು ಸೌಟು ತೆಗೆದುಕೊಂಡಳು. ಅವಳ ಕೈ ಹಿಡಿದು ನಿಲ್ಲಿಸಿದೆ. ಬಗ್ಗಿ ಆ ಎಲೆಯನ್ನು ಮಗುಚಿ, ಹಿಂಬದಿ ಮೇಲೆ ಮಾಡಿ ಇಟ್ಟೆ. ಏನೂ ಬಡಿಸಲಿಲ್ಲ.

ಬಂದರೆ ಅವರು ಮೊದಲು ನೋಡುವುದು ಅದನ್ನೇ. ನೋಡಿಕೊಂಡು ಹೋಗಲಿ.